ಕಪಾಟಿನ ಪುಸ್ತಕ ಜಾಲಕ್ಕೆ ಏರುವ ಮುನ್ನ

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಎಲ್ಲರೂ ಓದುವಂತೆ ಜಾಲಕ್ಕೆ ಏರಿಸುವ ಕೆಲಸ ನಮ್ಮದು. ಪುಸ್ತಕ ಕೈಗೆ ಬಂದ ಕೂಡಲೇ ಮೊದಲು ತೆರೆಯುವುದು ಶೀರ್ಷಿಕೆ ಪುಟದ ಹಿಂಬದಿ. ‘ಮೊದಲನೆಯ ಮುದ್ರಣ 1938, ಪ್ರತಿಗಳು 1000, ಬೆಲೆ ಹನ್ನೆರಡಾಣೆ, ಎಲ್ಲ ಹಕ್ಕುಗಳನ್ನೂ ಕಾದಿರಿಸಿದೆ’ ಎಂಬಂಥ ನಾಲ್ಕು ಸಾಲು ಅಲ್ಲಿರುತ್ತವೆ. ಈ ಕೆಲಸಕ್ಕೆ ಹೊಸದಾಗಿ ಬಂದವರಲ್ಲಿ ಕೆಲವರು ಕೊನೆಯ ಸಾಲಿಗೆ ಹೆದರಿ ಪುಸ್ತಕ ಮುಚ್ಚಿಟ್ಟುಬಿಡುತ್ತಾರೆ. ಇನ್ನು ಕೆಲವರು ಮೊದಲನೆಯ ಸಾಲು ನೋಡಿ, ಎಂಬತ್ತು ವರ್ಷ ದಾಟಿದೆ, ಇನ್ನಾರು ಕೇಳುತ್ತಾರೆ ಎಂದು ಸ್ಕ್ಯಾನ್ ಮಾಡಿ ಏರಿಸಿಬಿಡುತ್ತಾರೆ. ಎರಡೂ ಅವಸರವೇ. ಕಾನೂನಿಗೆ ಬೇಕಾದ ಇಸವಿ ಆ ಪುಟದಲ್ಲಿ ಇರುವುದೇ ಇಲ್ಲ. ಅದು ಬರೆದವರು ತೀರಿಕೊಂಡ ಇಸವಿ.

1957ರ ಹಕ್ಕುಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಕಲಂ 22ರ ಪ್ರಕಾರ ಲೇಖಕರು ಬದುಕಿರುವಷ್ಟು ಕಾಲ, ಆಮೇಲೆ ಅವರು ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ ಎಣಿಸಿ 60 ವರ್ಷ ಹಕ್ಕು ಉಳಿಯುತ್ತದೆ. ತಿಂಗಳು, ತಾರೀಕು ಲೆಕ್ಕಕ್ಕೆ ಬರುವುದಿಲ್ಲ. ಗೋವಿಂದ ಪೈ ಮತ್ತು ತ್ರಿವೇಣಿ ಇಬ್ಬರೂ 1963ರಲ್ಲಿ ತೀರಿಕೊಂಡರು. ಇಬ್ಬರ ಬರಹಗಳೂ 2024ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು, ಅಂದರೆ ಯಾರ ಅನುಮತಿಯೂ ಬೇಡದೆ ಬಳಸಬಹುದಾದವು. ಆಲೂರು ವೆಂಕಟರಾಯರು ಮತ್ತು ಫ.ಗು. ಹಳಕಟ್ಟಿಯವರು 1964ರಲ್ಲಿ ಹೋದರು. ಅವರದು 2025ರ ಜನವರಿ 1. ಅ.ನ.ಕೃ. ಅವರದು 2032, ಡಿ.ವಿ.ಜಿ. ಅವರದು 2036, ಬೇಂದ್ರೆಯವರದು 2042, ಮಾಸ್ತಿಯವರದು 2047, ಕುವೆಂಪು ಅವರದು 2055, ಕಾರಂತರದು 2058. 1935ರಲ್ಲಿ ಅಚ್ಚಾದ ಪುಸ್ತಕವಾದರೂ ಕಾರಂತರದಾಗಿದ್ದರೆ ಇನ್ನೂ ಹಕ್ಕಿನೊಳಗೇ ಇದೆ ಎಂಬುದನ್ನು ಎಷ್ಟೋ ಜನ ನಂಬುವುದಿಲ್ಲ. ಪುಸ್ತಕದ ವಯಸ್ಸು ಬೇರೆ, ಹಕ್ಕಿನ ವಯಸ್ಸು ಬೇರೆ.

ಈ 60 ಮೊದಲು 50 ಆಗಿತ್ತು. ರವೀಂದ್ರನಾಥ ಟ್ಯಾಗೋರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಮೇಲಿನ ಹಕ್ಕು 1991ರ ಡಿಸೆಂಬರ್ 31ಕ್ಕೆ ಮುಗಿಯಬೇಕಿತ್ತು. ಮೂರು ದಿನ ಉಳಿದಿರುವಾಗ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಅವಧಿಯನ್ನು ಹತ್ತು ವರ್ಷ ಹಿಗ್ಗಿಸಿತು. 1992ರಲ್ಲಿ ಅದು ಕಾಯ್ದೆಯಾಯಿತು. ಟ್ಯಾಗೋರರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದ ಕೈಯಲ್ಲಿದ್ದ ಒಬ್ಬ ಕವಿಯ ಹಕ್ಕಿನ ಸಲುವಾಗಿ ಎಲ್ಲ ಭಾಷೆಗಳ ಓದುಗರೂ ಹತ್ತು ವರ್ಷ ಕಾಯಬೇಕಾಯಿತು. ಕನ್ನಡದಲ್ಲಿ ಗಳಗನಾಥರ ಕಾದಂಬರಿಗಳು 1993ರ ಬದಲು 2003ಕ್ಕೆ ಬಿಡುಗಡೆಯಾದವು. ಬಿ.ಎಂ.ಶ್ರೀ., ಕೈಲಾಸಂ ಇಬ್ಬರೂ 1946ರಲ್ಲಿ ತೀರಿಕೊಂಡವರು. ಅವರ ಬರಹ 1997ರ ಬದಲು 2007ಕ್ಕೆ ನಮ್ಮದಾಯಿತು. ಆ ಹತ್ತು ವರ್ಷಗಳಲ್ಲಿ ಎಷ್ಟು ಗ್ರಂಥಾಲಯಗಳ ಪ್ರತಿಗಳು ಗೆದ್ದಲು ಹಿಡಿದವು ಎಂದು ಲೆಕ್ಕ ಇಟ್ಟವರಿಲ್ಲ. ಲೇಖಕರಿಗೆ ದುಡಿಮೆಯ ಫಲ ಸಿಗಲೇಬೇಕು. ಬದುಕಿರುವ ಲೇಖಕರ ಪುಸ್ತಕವನ್ನು ಕೇಳದೆ ಏರಿಸುವುದು ಅನ್ಯಾಯ, ಅದನ್ನು ನಾವು ಮಾಡುವುದಿಲ್ಲ. ಆದರೆ ಈ ಹಕ್ಕು ಸಮಾಜ ಒಂದು ಅವಧಿಗೆ ಕೊಟ್ಟದ್ದು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ, ಸಾಹಿತ್ಯ ಕೃತಿಯ ಮೇಲಿನ ಹಕ್ಕುಸ್ವಾಮ್ಯ ದೈವದತ್ತವೂ ಅಲ್ಲ, ಸಹಜ ಹಕ್ಕೂ ಅಲ್ಲ ಎಂದು ಹೇಳಿದ್ದು ಈ ಅರ್ಥದಲ್ಲೇ. ಅವಧಿ ಮುಗಿದ ದಿನ ಓದುಗರ ಹಕ್ಕು ಶುರುವಾಗುತ್ತದೆ, ಅದನ್ನು ಕಾಗದದ ಮೇಲೆ ಸಾಬೀತು ಮಾಡಲು ಯಾರಾದರೂ ಕೂತು ಕೆಲಸ ಮಾಡಬೇಕು ಅಷ್ಟೆ.

ಹೆಸರಾಂತ ಲೇಖಕರ ಮರಣ ವರ್ಷ ಸುಲಭವಾಗಿ ಸಿಗುತ್ತದೆ. ಕಷ್ಟ ಇರುವುದು ಒಂದೆರಡು ಪುಸ್ತಕ ಬರೆದು ಮರೆಯಾದ ಶಾಲಾ ಮಾಸ್ತರರು, ವೈದ್ಯರು, ಹರಿಕಥೆ ದಾಸರು, ಪಾದ್ರಿಗಳು ಇವರದು. ಇವರ ಬಗ್ಗೆ ಹುಡುಕಬೇಕಾದ ಜಾಗಗಳು: ಅದೇ ಪುಸ್ತಕದ ನಂತರದ ಮುದ್ರಣಗಳ ಮುನ್ನುಡಿ (‘ದಿವಂಗತ’ ಎಂಬ ಒಂದು ಮಾತು ಯಾವ ಮುದ್ರಣದಿಂದ ಕಾಣಿಸಿಕೊಳ್ಳುತ್ತದೆ ನೋಡಿ), ಆ ಊರಿನ ಅಭಿನಂದನ ಗ್ರಂಥಗಳು, ಸಾಹಿತ್ಯ ಪರಿಷತ್ತಿನ ಹಳೆಯ ಸಂಚಿಕೆಗಳಲ್ಲಿ ಬಂದ ಸಂತಾಪ ಸೂಚನೆಗಳು, ಮಠದ ಅಥವಾ ಶಾಲೆಯ ಶತಮಾನೋತ್ಸವ ಸಂಚಿಕೆ, ಇಗರ್ಜಿಯ ಸಮಾಧಿ ಕಲ್ಲು. ಒಂದೇ ಹೆಸರಿನ ಇಬ್ಬರನ್ನು ಒಬ್ಬರೆಂದು ತಿಳಿಯುವುದು ಇಲ್ಲಿ ಆಗುವ ದೊಡ್ಡ ತಪ್ಪು. ಊರಿನ ಹೆಸರು, ತಂದೆಯ ಹೆಸರಿನ ಮೊದಲಕ್ಷರ, ವೃತ್ತಿ ಇವು ಮೂರೂ ಕೂಡಿಬಂದರೆ ಮಾತ್ರ ಒಪ್ಪಿಕೊಳ್ಳುತ್ತೇವೆ. ಎರಡು ಬೇರೆಬೇರೆ ಆಧಾರಗಳ ಪುಟಗಳ ಫೋಟೊ ತೆಗೆದು ಪುಸ್ತಕದ ಹೆಸರಿನ ಕಡತದಲ್ಲಿ ಇಡುತ್ತೇವೆ. ಮುಂದೆ ತಕರಾರು ಬಂದಾಗ ಕಾಯುವುದು ಈ ಎರಡು ಫೋಟೊಗಳೇ.

ಲೇಖಕರ ಹೆಸರಿಲ್ಲದ ಪುಸ್ತಕಕ್ಕೂ, ಯಾರದೆಂದು ಗೊತ್ತಿಲ್ಲದ ಕಾವ್ಯನಾಮದ ಪುಸ್ತಕಕ್ಕೂ ಕಲಂ 23 ಅನ್ವಯಿಸುತ್ತದೆ: ಪ್ರಕಟವಾದ ವರ್ಷದಿಂದ 60 ವರ್ಷ. ಆ 60 ವರ್ಷದೊಳಗೆ ನಿಜ ಹೆಸರು ಬಯಲಾದರೆ ಲೆಕ್ಕ ಮತ್ತೆ ಮರಣ ವರ್ಷಕ್ಕೆ ತಿರುಗುತ್ತದೆ. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ತೀರಿಕೊಂಡವರ ವರ್ಷ ಹಿಡಿಯಬೇಕು. ಸರ್ಕಾರಿ ಪ್ರಕಟಣೆಗೆ ಪ್ರಕಟವಾದ ವರ್ಷದಿಂದ 60. ಹಾಗಾಗಿ ಮೈಸೂರು ಸಂಸ್ಥಾನದ ಕಾಲದ ಶಾಸನ ಸಂಪುಟಗಳು, ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು ನಿಶ್ಚಿಂತೆಯಿಂದ ಬಳಸಬಹುದಾದವು.

ಕಲಂ 24 ಜಾರುವ ಕಲ್ಲು. ಲೇಖಕರು ಬದುಕಿದ್ದಾಗ ಅಚ್ಚಾಗದೆ, ತೀರಿಕೊಂಡ ಮೇಲೆ ಅಚ್ಚಾದ ಬರಹಕ್ಕೆ ಮೊದಲು ಪ್ರಕಟವಾದ ವರ್ಷದಿಂದ 60 ವರ್ಷ. 1946ರಲ್ಲಿ ತೀರಿಕೊಂಡವರ ಪತ್ರಗಳನ್ನು 1990ರಲ್ಲಿ ಮೊದಲ ಸಲ ಯಾರಾದರೂ ಅಚ್ಚುಹಾಕಿಸಿದ್ದರೆ ಅವು 2050ರ ಕೊನೆವರೆಗೂ ಹಕ್ಕಿನಲ್ಲಿರುತ್ತವೆ. ‘ಸಮಗ್ರ ಸಂಪುಟ’ ಎಂಬ ಹೆಸರಿನ ದಪ್ಪ ಪುಸ್ತಕಗಳಲ್ಲಿ ಬಿಡುಗಡೆಯಾದ ಕಥೆ, ಬಿಡುಗಡೆಯಾಗದ ದಿನಚರಿ, ಬದುಕಿರುವ ಸಂಪಾದಕರ ಪ್ರಸ್ತಾವನೆ ಮೂರೂ ಒಂದೇ ಬೈಂಡಿನಲ್ಲಿರುತ್ತವೆ. ಅಂಥ ಸಂಪುಟವನ್ನು ಇಡಿಯಾಗಿ ಸ್ಕ್ಯಾನ್ ಮಾಡಬೇಡಿ. ಹಳೆಯ ಬಿಡಿ ಮುದ್ರಣ ಹುಡುಕಿ.

ಇದರಿಂದ ಬರುವ ಪಾಠ ಇಷ್ಟು: ಒಂದು ಪುಸ್ತಕದಲ್ಲಿ ಹಕ್ಕು ಒಂದೇ ಇರುವುದಿಲ್ಲ. ಮುನ್ನುಡಿ ಬರೆದವರದು ಒಂದು, ಮುಖಪುಟ ಬರೆದ ಕಲಾವಿದರದು ಒಂದು, ಒಳಚಿತ್ರಗಳದು ಒಂದು, ಅನುವಾದಕರದು ಒಂದು. ಬಸವಣ್ಣನವರ ವಚನ ಯಾರ ಸ್ವತ್ತೂ ಅಲ್ಲ. ಆದರೆ ಹಳಕಟ್ಟಿಯವರು ಅದಕ್ಕೆ ಬರೆದ ಟಿಪ್ಪಣಿ ಮತ್ತು ಪೀಠಿಕೆ 2024ರ ಕೊನೆಯ ದಿನದವರೆಗೆ ಹಕ್ಕಿನಲ್ಲಿದ್ದವು. ಎಲ್. ಬಸವರಾಜು ಅವರು 2012ರಲ್ಲಿ ತೀರಿಕೊಂಡರು. ಅವರ ಸಂಪಾದನೆಯಲ್ಲಿ ಅವರದೇ ಆದ ಬರಹ 2072ರ ಕೊನೆವರೆಗೆ ಹಕ್ಕಿನಲ್ಲಿರುತ್ತದೆ. ದಾಸರ ಪದಗಳ ಧ್ವನಿಮುದ್ರಿಕೆಗೂ ಇದೇ ಬಗೆಯ ಎಣಿಕೆ: ಪುರಂದರದಾಸರ ಸಾಹಿತ್ಯ ಎಲ್ಲರದು, ಹಾಡಿದ ಮುದ್ರಿಕೆಗೆ ಪ್ರಕಟವಾದ ವರ್ಷದಿಂದ 60 ವರ್ಷ. ಮನೆಯಲ್ಲಿ ತಾವೇ ಹಾಡಿದ ಕೀರ್ತನೆಗೆ ವಿಡಿಯೊ ತಾಣದಲ್ಲಿ ಹಕ್ಕಿನ ತಕರಾರು ಬಿದ್ದರೆ, ಯಂತ್ರ ರಾಗ ಹೋಲಿಸಿ ಎಡವಿದೆ ಎಂದು ತಿಳಿದು ಕೂಡಲೇ ಆಕ್ಷೇಪಣೆ ಹಾಕಬೇಕು. ಸುಮ್ಮನಿದ್ದರೆ ಜಾಹೀರಾತಿನ ಹಣ ತಕರಾರು ಹಾಕಿದವರಿಗೇ ಹೋಗಬಹುದು.

ಇಷ್ಟು ಸಾಬೀತಾದರೆ ಭಾರತದ ಕಾನೂನಿನ ಮಟ್ಟಿಗೆ ದಾರಿ ಸಾಫ್. ಆದರೆ ಪುಸ್ತಕ ಇಡುವ ಸರ್ವರು ಅಮೆರಿಕದಲ್ಲಿದ್ದರೆ ಇನ್ನೊಂದು ಗೇಟು ದಾಟಬೇಕು. ವಿಕಿಪೀಡಿಯದ ಬಳಗದ ಚಿತ್ರ-ಕಡತಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್, ಮೂಲ ದೇಶದಲ್ಲೂ ಅಮೆರಿಕದಲ್ಲೂ ಅವಧಿ ಮುಗಿದಿರಬೇಕು ಎಂದು ಕೇಳುತ್ತದೆ. ಅಮೆರಿಕ 1996ರ ಜನವರಿ 1ರಂದು ಹೊರದೇಶದ ಕೃತಿಗಳಿಗೆ ಹಕ್ಕನ್ನು ಮರಳಿ ಕೊಟ್ಟಿತು. ಆ ದಿನ ಮೂಲ ದೇಶದಲ್ಲಿ ಹಕ್ಕು ಉಳಿದಿದ್ದ ಕೃತಿಗೆ ಅಲ್ಲಿ ಪ್ರಕಟಣೆಯ ವರ್ಷದಿಂದ 95 ವರ್ಷ. ನಮ್ಮ ಲೆಕ್ಕಕ್ಕೆ ತಂದರೆ ಹೀಗೆ: 1941ಕ್ಕಿಂತ ಮುಂಚೆ ತೀರಿಕೊಂಡವರು (ಅವಧಿ ಹಿಗ್ಗುವ ಮೊದಲೇ ಅವರ ಹಕ್ಕು 50 ವರ್ಷಕ್ಕೆ ಮುಗಿದಿತ್ತು), ಉದಾಹರಣೆಗೆ 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, ಬದುಕಿದ್ದಾಗ ಪ್ರಕಟಿಸಿದ್ದೆಲ್ಲ ಎರಡೂ ಕಡೆ ಮುಕ್ತ. 1923ರಲ್ಲಿ ಬಂದ ಹಳಕಟ್ಟಿಯವರ ವಚನಶಾಸ್ತ್ರ ಸಾರವೂ ಈಗ ಎರಡೂ ಕಡೆ ಮುಕ್ತ, ಏಕೆಂದರೆ 95 ದಾಟಿದೆ. ತ್ರಿವೇಣಿಯವರ ಕಾದಂಬರಿ ಭಾರತದಲ್ಲಿ ಮುಕ್ತ, ಅಮೆರಿಕದಲ್ಲಿ ಅಲ್ಲ. 1954ರಲ್ಲಿ ಅಚ್ಚಾದ ಪುಸ್ತಕ ಅಲ್ಲಿ 2049ರ ಕೊನೆವರೆಗೆ ಹಕ್ಕಿನಲ್ಲಿ. ಇದನ್ನು ತಿಳಿಯದೆ ಕಾಮನ್ಸ್‌ಗೆ ಏರಿಸಿದವರ ವಾರಗಟ್ಟಲೆಯ ಕೆಲಸ ಒಂದು ಚರ್ಚೆಯಲ್ಲಿ ಅಳಿಸಿಹೋಗುತ್ತದೆ. ಅಂಥ ಪುಸ್ತಕವನ್ನು ಭಾರತದಲ್ಲೇ ಇರುವ ಸರ್ವರಿನಲ್ಲಿ ಇಡಬೇಕು. ನಮ್ಮ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಅಂಥ ಜಾಗ ಒದಗಿಸಬೇಕೆಂಬುದು ನಮ್ಮ ಬಹುದಿನದ ಒತ್ತಾಯ.

ಯಾವ ಪುಸ್ತಕವನ್ನೂ ಒಂದೇ ಕಡೆ ಇಡಬೇಡಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಆದವು. ಹಕ್ಕಿರುವ ಪುಸ್ತಕಗಳೂ ಅದರಲ್ಲಿ ಸೇರಿಹೋಗಿದ್ದರಿಂದ ತಕರಾರು ಬಂದು ತಾಣ ಮುಚ್ಚಿದಾಗ, ಎಂದೋ ಅವಧಿ ಮುಗಿದಿದ್ದ ಪುಸ್ತಕಗಳೂ ಜೊತೆಗೇ ಮಾಯವಾದವು. ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಜಾಲ ಗ್ರಂಥಾಲಯದಲ್ಲಿ ಯಾರೋ ನಕಲು ಇಟ್ಟಿದ್ದರಿಂದ ಬಹಳಷ್ಟು ಉಳಿದವು. ಅವುಗಳಲ್ಲಿ ಎಷ್ಟೋ ಕಡೆ ಕನ್ನಡ ಶೀರ್ಷಿಕೆ ರೋಮನ್ ಅಕ್ಷರದಲ್ಲಿ ಗುರುತೇ ಸಿಗದಂತೆ ಬರೆದದ್ದಿದೆ, ಲೇಖಕರ ಜಾಗದಲ್ಲಿ ಪ್ರಕಾಶಕರ ಹೆಸರಿದೆ, ಪುಟ ಹಾರಿಹೋಗಿವೆ. ಹೊಸದಾಗಿ ಸ್ಕ್ಯಾನ್ ಮಾಡುವ ಮುಂಚೆ ಅಲ್ಲಿ ಮೂರು ನಾಲ್ಕು ಬಗೆಯ ಕಾಗುಣಿತದಲ್ಲಿ ಹುಡುಕಿ. ಸಿಕ್ಕರೆ ಪುಟ ಎಣಿಸಿ, ಕೊರತೆಯಿದ್ದ ಪುಟ ಮಾತ್ರ ಸೇರಿಸಿ.

ಹಕ್ಕು ಮುಗಿಯದ ಪುಸ್ತಕಕ್ಕೂ ದಾರಿಯಿದೆ. ಅದು ಅನುಮತಿ. ಲೇಖಕರೇ ಇದ್ದರೆ ಸುಲಭ; ಕಲಂ 21ರ ಪ್ರಕಾರ ಅವರು ಹಕ್ಕನ್ನೇ ಬಿಟ್ಟುಕೊಡಬಹುದು, ಇಲ್ಲವೇ ಕೆಲವು ಷರತ್ತಿನ ಮೇಲೆ ಎಲ್ಲರ ಬಳಕೆಗೂ ಒಪ್ಪುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಡಬಹುದು. ತೀರಿಕೊಂಡಿದ್ದರೆ ವಾರಸುದಾರರೆಲ್ಲರೂ ಒಪ್ಪಬೇಕು. ಹಿರಿಯ ಮಗನೊಬ್ಬನ ಸಹಿ ಸಾಲದು. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ತೀರಿಹೋದ ಮಗನ ಹೆಂಡತಿ ಮಕ್ಕಳು ಎಲ್ಲರೂ ಹಕ್ಕುದಾರರೇ. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷದ ಪ್ರತಿ ಕೇಳಿ ಪಡೆಯಿರಿ, ಯಾರನ್ನು ಕೇಳಬೇಕು ಎಂಬುದು ಅದರಲ್ಲೇ ತಿಳಿಯುತ್ತದೆ. ಉಯಿಲು ಇದ್ದರೆ ಅದನ್ನು ಮೊದಲು ನೋಡಿ.

ಮನೆಯವರ ಎದುರು ಕೂತಾಗ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು: ‘ಅಮ್ಮಾ, ಸಿಸಿ ಬೈ-ಎಸ್‌ಎ 4.0 ಎಂಬ ಈ ಪರವಾನಗಿ ಕೊಟ್ಟರೆ ಯಾರು ಬೇಕಾದರೂ ಪುಸ್ತಕ ಅಚ್ಚುಹಾಕಿ ಮಾರಬಹುದು, ನಿಮಗೆ ದುಡ್ಡು ಕೊಡಬೇಕಾಗಿಲ್ಲ. ಯಜಮಾನರ ಹೆಸರು ಹಾಕಲೇಬೇಕು. ಒಮ್ಮೆ ಕೊಟ್ಟ ಮೇಲೆ ವಾಪಸು ಪಡೆಯಲಾಗದು.’ ಇದನ್ನು ಕೇಳಿ ಹಿಂದೆ ಸರಿಯುವವರೂ ಇದ್ದಾರೆ. ಸರಿಯಲಿ. ಅರ್ಥವಾಗದೆ ಹಾಕಿದ ಸಹಿಯಿಂದ ಯಾರಿಗೂ ನ್ಯಾಯ ಆಗುವುದಿಲ್ಲ. ಅರ್ಥಮಾಡಿಕೊಂಡು ಕೊಟ್ಟವರೂ ಇದ್ದಾರೆ: ನಿರಂಜನರ ಪುಸ್ತಕಗಳನ್ನು ಅವರ ಕುಟುಂಬ, ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾಲಯ ಇಂಥ ಪರವಾನಗಿಯಡಿ ಬಿಟ್ಟುಕೊಟ್ಟವು. ಪತ್ರದಲ್ಲಿ ಪುಸ್ತಕಗಳ ಪೂರ್ತಿ ಪಟ್ಟಿ, ಪರವಾನಗಿಯ ಹೆಸರು ಮತ್ತು ಆವೃತ್ತಿ, ವಾಣಿಜ್ಯ ಬಳಕೆಗೂ ಒಪ್ಪಿಗೆ ಎಂಬ ವಾಕ್ಯ, ದಿನಾಂಕ ಇರಬೇಕು. ವಿಕಿಮೀಡಿಯ ಕಾಮನ್ಸ್‌ಗೆ ಆದರೆ ಅದು ವಾರಸುದಾರರ ಸ್ವಂತ ಇಮೇಲ್‌ನಿಂದ ಅಲ್ಲಿನ ಅನುಮತಿ ತಂಡಕ್ಕೆ ಹೋಗಬೇಕು.

ಪ್ರಕಾಶಕರು ‘ಹಕ್ಕು ನಮ್ಮದು’ ಎಂದರೆ ಒಪ್ಪಂದ ತೋರಿಸಲು ವಿನಯದಿಂದ ಕೇಳಿ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು, ಬಾಯಿಮಾತು ನಡೆಯದು. 1995ರ ಮೇ 10ರ ನಂತರದ ಒಪ್ಪಂದದಲ್ಲಿ ಅವಧಿ ನಮೂದಿಸಿಲ್ಲವಾದರೆ ಅದು ಐದೇ ವರ್ಷ. 2012ರ ತಿದ್ದುಪಡಿಯ ಪ್ರಕಾರ, ಒಪ್ಪಂದ ಮಾಡಿಕೊಂಡಾಗ ಬಳಕೆಯಲ್ಲೇ ಇಲ್ಲದಿದ್ದ ಮಾಧ್ಯಮಕ್ಕೆ ಆ ಒಪ್ಪಂದ ಅನ್ವಯಿಸುವುದಿಲ್ಲ, ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅನ್ವಯ. ಲೇಖಕರ ಮನೆಯವರಿಗೇ ಗೊತ್ತಿರದ ಬಲ ಇದು.

ಇನ್ನು ಸ್ಕ್ಯಾನಿಂಗ್. 300 ಡಿಪಿಐಗಿಂತ ಕಡಿಮೆ ಬೇಡ, ಅಡಿಟಿಪ್ಪಣಿಯ ಸಣ್ಣ ಅಚ್ಚುಮೊಳೆಯ ಅಕ್ಷರಗಳಿದ್ದರೆ 400. ಬರೀ ಕಪ್ಪು-ಬಿಳುಪಿನಲ್ಲಿ ತೆಗೆದರೆ ಒತ್ತಕ್ಷರದ ತೆಳು ಗೆರೆಗಳು ಹಾರಿಹೋಗುತ್ತವೆ. ಬೂದು ಛಾಯೆಯಲ್ಲೋ ಬಣ್ಣದಲ್ಲೋ ತೆಗೆಯಿರಿ. ಬೈಂಡು ಬಿಗಿಯಾಗಿದ್ದರೆ ಚಪ್ಪಟೆ ಸ್ಕ್ಯಾನರಿನ ಮೇಲೆ ಒತ್ತಬೇಡಿ, ಬೆನ್ನು ಸೀಳುತ್ತದೆ. ವಿ ಆಕಾರದ ತೊಟ್ಟಿಲಲ್ಲಿಟ್ಟು ಮೇಲಿಂದ ಕ್ಯಾಮೆರಾ ಹಿಡಿಯುವುದು ಒಳ್ಳೆಯದು. ಕೊನೆಯಲ್ಲಿರುವ ತಪ್ಪೊಪ್ಪುಗಳ ಪಟ್ಟಿಯನ್ನು ಬಿಡಬೇಡಿ. ಗ್ರಂಥಾಲಯದ ಮೊಹರಿರುವ ಪುಟವನ್ನೂ ಇಡಿ. ಆದರೆ ಎರವಲು ಚೀಟಿಯಲ್ಲಿ ಓದುಗರ ಹೆಸರುಗಳಿದ್ದರೆ ಆ ಚೀಟಿ ಬೇಡ.

ಚಿತ್ರದ ಪಿಡಿಎಫ್‌ಗೆ ಕೆಲಸ ನಿಲ್ಲಿಸಿದರೆ ಅರ್ಧ ಹಾದಿ ನಡೆದಂತೆ. ಹುಡುಕಿದರೆ ಸಿಗಬೇಕು, ಕಣ್ಣು ಕಾಣದವರ ಯಂತ್ರ ಓದಬೇಕು ಎಂದರೆ ಅಕ್ಷರ ಯುನಿಕೋಡ್‌ಗೆ ಬರಲೇಬೇಕು. ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶ, ಅಂದರೆ ಓಸಿಆರ್, ಕನ್ನಡವನ್ನು ಈಗ ಚೆನ್ನಾಗಿಯೇ ಓದುತ್ತದೆ, ಆದರೆ ಹಳೆಯ ಮೊಳೆಯಲ್ಲಿ ಒಂದೇ ಜಾಗದಲ್ಲಿ ಪದೇಪದೇ ಎಡವುತ್ತದೆ: ಅರ್ಕಾವತ್ತು. ಪುಸ್ತಕದಲ್ಲಿ ‘ಕರ್ನಾಟಕ’ ಎಂದಿರುವುದು ‘ಕನಾ೯ಟಕ’ ಎಂದು ಬರುತ್ತದೆ, ‘ಸೂರ್ಯ’ ‘ಸೂಯ೯’ ಆಗುತ್ತದೆ. ನೋಡುವ ಕಣ್ಣಿಗೆ ಎರಡೂ ಒಂದೇ. ಆದರೆ ಅಲ್ಲಿ ಕೂತಿರುವುದು ಕನ್ನಡದ ಒಂಬತ್ತು ಎಂಬ ಅಂಕಿ. ‘ಕರ್ನಾಟಕ’ ಎಂದು ಹುಡುಕಿದರೆ ಆ ಪುಟ ಸಿಗುವುದಿಲ್ಲ. ಓದುವ ಯಂತ್ರಕ್ಕೆ ಪದದ ನಡುವೆ ಅಂಕಿ ಎದುರಾಗುತ್ತದೆ. ಸರಿಪಡಿಸಲು ಒಂದು ಸೂತ್ರ ಬರೆದುಕೊಳ್ಳಿ: ವ್ಯಂಜನವೂ, ಇದ್ದರೆ ಅದರ ಸ್ವರಚಿಹ್ನೆಯೂ ಬಂದು ಅದರ ಬೆನ್ನಿಗೇ ೯ ಇದ್ದರೆ, ಅಂಕಿ ತೆಗೆದು ಆ ವ್ಯಂಜನಕ್ಕಿಂತ ಮೊದಲು ‘ರ್’ ಹಾಕು. ‘ನಾ೯’ ಇದ್ದದ್ದು ‘ರ್ನಾ’ ಆಗುತ್ತದೆ. ೯ರ ಹಿಂದೆ ಇನ್ನೊಂದು ಅಂಕಿ ಇದ್ದರೆ ಮುಟ್ಟಬಾರದು, ಇಲ್ಲದಿದ್ದರೆ ಪುಟಸಂಖ್ಯೆ ೧೯, ೨೯ ಎಲ್ಲ ಕೆಡುತ್ತವೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ (೦) ಕೂರುವುದು ಇದರ ಜೋಡಿ ತಪ್ಪು; ಅದಕ್ಕೂ ಇಂಥದೇ ಸೂತ್ರ, ಆದರೆ ಅಂಕಿಯ ಜಾಗದಲ್ಲೇ ಅನುಸ್ವಾರ ಹಾಕಬೇಕು. ಮಿಕ್ಕದ್ದು, ಅಂದರೆ ಪ-ವ, ದ-ಧ, ಬ-ಭ ಗೊಂದಲ, ಬಿದ್ದುಹೋದ ದೀರ್ಘ, ಇವು ಕಣ್ಣಿನಿಂದಲೇ ಆಗಬೇಕು. ಮುಕ್ತ ಪುಸ್ತಕಗಳ ಪಠ್ಯ ತಾಣವಾದ ವಿಕಿಸೋರ್ಸ್‌ನಲ್ಲಿ ಒಬ್ಬರು ಕರಡು ತಿದ್ದಿದ ಪುಟ ಹಳದಿ ಆಗುತ್ತದೆ, ಬೇರೊಬ್ಬರು ಮತ್ತೆ ನೋಡಿದ ಮೇಲೆ ಹಸಿರು. ಲೇಖಕರ ಹಳೆಯ ಕಾಗುಣಿತವನ್ನು ‘ಸುಧಾರಿಸಲು’ ಹೋಗಬೇಡಿ. ಅವಧಿ ಮುಗಿದರೂ ಲೇಖಕರ ಹೆಸರು ಅಳಿಸುವಂತಿಲ್ಲ, ಅವರ ಗೌರವಕ್ಕೆ ಕುಂದು ಬರುವಂತೆ ಬರಹ ತಿರುಚುವಂತಿಲ್ಲ; ಕಲಂ 57 ಅದನ್ನು ಕಾಯುತ್ತದೆ.

ಕಣ್ಣು ಕಾಣದ ಓದುಗರ ವಿಷಯದಲ್ಲಿ ನಮ್ಮ ಕಾನೂನು ನಿಜಕ್ಕೂ ಉದಾರ. ಕಲಂ 52(1)(ಜೆಡ್‌ಬಿ) ಪ್ರಕಾರ ಹಕ್ಕಿರುವ ಪುಸ್ತಕವನ್ನೂ ಅನುಮತಿ ಇಲ್ಲದೆಯೇ ಬ್ರೈಲ್‌ಗೆ, ಧ್ವನಿಗೆ, ಯಂತ್ರ ಓದುವ ಪಠ್ಯಕ್ಕೆ ಪರಿವರ್ತಿಸಿ ಅಂಗವಿಕಲರಿಗೆ ಕೊಡಬಹುದು. ಯಾರು ಬೇಕಾದರೂ ಮಾಡಬಹುದು, ಲಾಭ ಮಾಡಬಾರದು, ತಯಾರಿಕೆಯ ಖರ್ಚು ಮಾತ್ರ ಪಡೆಯಬಹುದು. ಸಂಸ್ಥೆ ಮಾಡಿದರೆ ಆ ಪ್ರತಿ ಮಾರುಕಟ್ಟೆಗೆ ಸೋರದಂತೆ ನೋಡಿಕೊಳ್ಳಬೇಕು. ಅಂಧರ ಓದಿನ ಹಕ್ಕಿಗಾಗಿ ಆದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಕಾಲೇಜಿಗೆ ಹೋಗುವ ಅಂಧ ವಿದ್ಯಾರ್ಥಿಗೆ ಪಠ್ಯಪುಸ್ತಕ ಸ್ಕ್ಯಾನ್ ಮಾಡಿಕೊಡಲು ಹಿಂಜರಿಯುವ ಗ್ರಂಥಪಾಲಕರಿಗೆ ಈ ಕಲಂ ಅಚ್ಚುಹಾಕಿ ಕೈಗೆ ಕೊಡಿ. ಬಹುಪಾಲು ಸಲ ಅಷ್ಟರಲ್ಲೇ ಕೆಲಸ ಆಗುತ್ತದೆ.

ಕೊನೆಗೆ ತಕರಾರು ಪತ್ರ. ಅವಧಿ ಮುಗಿದ ಪುಸ್ತಕಕ್ಕೂ ಬರುತ್ತದೆ. ಹೆಚ್ಚಾಗಿ ಬರುವುದು ಹಳೆಯ ಪುಸ್ತಕವನ್ನು ಈಚೆಗೆ ಮರುಮುದ್ರಿಸಿ ‘ಹಕ್ಕುಗಳು: ಪ್ರಕಾಶಕರವು’ ಎಂದು ಹಾಕಿಕೊಂಡವರಿಂದ. ಪತ್ರದಲ್ಲಿ ಪುಸ್ತಕದ ಹೆಸರಿರುತ್ತದೆ, ಕೊಂಡಿ ಇರುವುದಿಲ್ಲ, ಯಾವ ಮುದ್ರಣ ಎಂದಿರುವುದಿಲ್ಲ, 24 ಗಂಟೆಯಲ್ಲಿ ತೆಗೆಯದಿದ್ದರೆ ಕಲಂ 63ರಡಿ ಕ್ರಿಮಿನಲ್ ಮೊಕದ್ದಮೆ ಎಂಬ ಬೆದರಿಕೆ ಇರುತ್ತದೆ. ಹೆದರಿಕೆಗೆ ಕಾರಣವಿಲ್ಲದಿಲ್ಲ. ಆ ಕಲಂನಲ್ಲಿ ಆರು ತಿಂಗಳಿಂದ ಮೂರು ವರ್ಷದ ಸಜೆ, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ. ಈ ಅಪರಾಧ ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಓದುವ ಪುಸ್ತಕದ ವಿಷಯಕ್ಕೆ ಇಷ್ಟು ಕಠಿಣ ಕಲಂ ಬೇಕಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಅದೇ ಕಲಂ ‘ತಿಳಿದೂ’ ಮಾಡಿದ ಉಲ್ಲಂಘನೆ ಎನ್ನುತ್ತದೆ. ಮರಣ ವರ್ಷದ ಆಧಾರವನ್ನು ಮೊದಲೇ ಕಡತದಲ್ಲಿಟ್ಟವರ ಮೇಲೆ ಆ ಮಾತನ್ನು ಹೊರಿಸುವುದು ಕಷ್ಟ.

ಮರುಮುದ್ರಣ ಮಾಡಿದವರಿಗೆ ಹೊಸ ಮುನ್ನುಡಿಯ ಮೇಲೆ, ಹೊಸ ಮುಖಪುಟದ ಮೇಲೆ ಹಕ್ಕಿರಬಹುದು. ಮೂಲ ಬರಹದ ಮೇಲೆ ಹೊಸ ಹಕ್ಕು ಹುಟ್ಟುವುದಿಲ್ಲ. ಬರೀ ಶ್ರಮ, ಬಂಡವಾಳ ಹಾಕಿದ ಮಾತ್ರಕ್ಕೆ ಹಕ್ಕುಸ್ವಾಮ್ಯ ಬರದು, ಕನಿಷ್ಠ ಸೃಜನಶೀಲತೆ ಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ, ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಇದು ನಮಗೂ ಅನ್ವಯ. ಸ್ಕ್ಯಾನ್ ಮಾಡಿದವರು ಪ್ರತಿ ಪುಟದ ಮೇಲೂ ತಮ್ಮ ಹೆಸರಿನ ನೀರುಗುರುತು ಹಾಕಿ ‘ಹಕ್ಕು ಕಾದಿರಿಸಿದೆ’ ಎನ್ನುವುದು ಸಲ್ಲದು.

ಉತ್ತರ ಚಿಕ್ಕದಾಗಿರಲಿ, ಮರ್ಯಾದೆಯಿಂದಿರಲಿ. ನಾವು ಬಳಸುವ ಮಾದರಿ ಹೀಗಿದೆ: ‘ಮಾನ್ಯರೇ, ತಮ್ಮ ಪತ್ರ ತಲುಪಿದೆ. ಈ ಕೃತಿಯ ಲೇಖಕರು ಇಂಥ ವರ್ಷ ತೀರಿಕೊಂಡಿದ್ದಾರೆ. ಆಧಾರದ ಪುಟಗಳ ಪ್ರತಿ ಲಗತ್ತಿಸಿದೆ. ಕಲಂ 22ರ ಪ್ರಕಾರ ಇಂಥ ವರ್ಷದ ಡಿಸೆಂಬರ್ 31ಕ್ಕೆ ಹಕ್ಕಿನ ಅವಧಿ ಮುಗಿದಿದೆ. ನಾವು ಬಳಸಿರುವುದು 1938ರ ಮೊದಲ ಮುದ್ರಣ. ತಮ್ಮ ಮರುಮುದ್ರಣದ ಮುನ್ನುಡಿ, ಚಿತ್ರ, ಮುಖಪುಟ ಯಾವುದನ್ನೂ ಬಳಸಿಲ್ಲ. ತಮ್ಮ ಹಕ್ಕಿನ ಮೂಲವಾದ ಒಪ್ಪಂದದ ಪ್ರತಿ ಕಳಿಸಿದರೆ ಪರಿಶೀಲಿಸುತ್ತೇವೆ.’ ಇಷ್ಟೇ. ಬೈಗುಳ ಬೇಡ, ಕನ್ನಡ ಸೇವೆಯ ಭಾಷಣವೂ ಬೇಡ. ಇಷ್ಟಕ್ಕೆ ಬಹುಪಾಲು ಪತ್ರಗಳು ನಿಲ್ಲುತ್ತವೆ. ನಿಲ್ಲದೆ ಬೆದರಿಕೆ ಮುಂದುವರಿದರೆ ಕಲಂ 60 ಇದೆ: ಆಧಾರವಿಲ್ಲದ ಬೆದರಿಕೆ ಹಾಕಿದವರ ಮೇಲೆ ನಾವೇ ದಾವೆ ಹೂಡಿ ತಡೆಯಾಜ್ಞೆ, ನಷ್ಟ ಪರಿಹಾರ ಕೇಳಬಹುದು. ವಕೀಲರ ಖರ್ಚಿಗೆ ಹಿಂಜರಿಯುವ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ಇವರಿಗೆ ಆದಾಯದ ಮಿತಿ ಅಡ್ಡ ಬರುವುದಿಲ್ಲ.

ಪತ್ರ ನಮಗೆ ಬಾರದೆ ನೇರ ಸರ್ವರಿನವರಿಗೆ ಹೋದರೆ ಕ್ರಮ ಬೇರೆ. ಸರ್ವರು ಅಮೆರಿಕದ್ದಾದರೆ ಅವರು ಮೊದಲು ತೆಗೆದುಹಾಕಿ ಆಮೇಲೆ ತಿಳಿಸುತ್ತಾರೆ. ಆಗ ಪ್ರತಿ-ನೋಟಿಸು, ಅಂದರೆ ತಕರಾರು ತಪ್ಪೆಂಬ ಲಿಖಿತ ಉತ್ತರ, ಕೊಡಬೇಕು. ತಕರಾರುದಾರರು ಅಲ್ಲಿ ದಾವೆ ಹೂಡದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಪುಸ್ತಕ ಮರಳುತ್ತದೆ. ಆದರೆ ಪ್ರತಿ-ನೋಟಿಸಿನಲ್ಲಿ ನಿಮ್ಮ ಹೆಸರು, ವಿಳಾಸ, ಫೋನು ಬರೆಯಬೇಕು, ಅದು ತಕರಾರುದಾರರ ಕೈಗೆ ಹೋಗುತ್ತದೆ, ಅಮೆರಿಕದ ಕೋರ್ಟಿನ ವ್ಯಾಪ್ತಿಗೂ ಒಪ್ಪಿದಂತಾಗುತ್ತದೆ. ಒಂಟಿಯಾಗಿ ಕೆಲಸ ಮಾಡುವವರು, ಅದರಲ್ಲೂ ಹೆಣ್ಣುಮಕ್ಕಳು, ಮನೆ ವಿಳಾಸ ಕೊಡುವ ಬದಲು ಸಂಘದ ಅಥವಾ ವಕೀಲರ ಮೂಲಕ ಹೋಗುವುದು ಕ್ಷೇಮ.

ಭಾರತದ ಸರ್ವರಾದರೆ 2013ರ ಹಕ್ಕುಸ್ವಾಮ್ಯ ನಿಯಮಗಳ ನಿಯಮ 75 ಹಿಡಿಯಿರಿ. ದೂರಿನಲ್ಲಿ ಕೃತಿಯ ವಿವರ, ದೂರುದಾರರೇ ಒಡೆಯರೆಂಬುದಕ್ಕೆ ಆಧಾರ, ಅನುಮತಿಯಿಲ್ಲದೆ ಬಳಸಲು ಬಿಡುವ ಕಲಂ 52ರ ವಿನಾಯಿತಿಗೆ ಇದು ಏಕೆ ಬರುವುದಿಲ್ಲ ಎಂಬ ವಿವರಣೆ, ಪ್ರತಿ ಇರುವ ಜಾಗ, 21 ದಿನದೊಳಗೆ ಕೋರ್ಟಿನ ಆದೇಶ ತರುತ್ತೇನೆಂಬ ಮುಚ್ಚಳಿಕೆ ಇಷ್ಟೂ ಇರಬೇಕು. ಸರ್ವರಿನವರಿಗೆ ಅದು ಸರಿಯೆನಿಸಿದರೆ 36 ಗಂಟೆಯಲ್ಲಿ ಪ್ರತಿಯನ್ನು ತಡೆಹಿಡಿಯುತ್ತಾರೆ, ಏಕೆ ಸಿಗುತ್ತಿಲ್ಲ ಎಂಬ ಕಾರಣವನ್ನು ಅಲ್ಲೇ ತೋರಿಸಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಅಷ್ಟಕ್ಕೇ ಬಿಟ್ಟುಬಿಡುವುದು. ತಡೆಹಿಡಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಸರ್ವರಿನವರಿಂದ ದೂರಿನ ಪ್ರತಿ ಕೇಳಿ ಪಡೆದು, ಆ ದೂರು ಅವರಿಗೆ ತಲುಪಿದ ದಿನದಿಂದ 21 ಎಣಿಸಿ. 22ನೇ ದಿನ ಬೆಳಿಗ್ಗೆ ‘ಕೋರ್ಟಿನ ಆದೇಶ ಬಂದಿದೆಯೇ? ಇಲ್ಲವಾದರೆ ನಿಯಮ 75ರಂತೆ ಪುಸ್ತಕವನ್ನು ಮರಳಿ ತೆರೆಯಿರಿ’ ಎಂದು ಬರೆಯಿರಿ. ಆದೇಶ ಬರದಿದ್ದರೆ ಮರಳಿ ತೆರೆಯಲು ಅವರಿಗೆ ಅಧಿಕಾರವಿದೆ, ಅದೇ ದೂರುದಾರರು ಅದೇ ಪುಸ್ತಕಕ್ಕೆ ಮತ್ತೆ ಬರೆದರೆ ಉತ್ತರಿಸಬೇಕಾಗಿಯೂ ಇಲ್ಲ. ಪುಸ್ತಕ ತೆರೆದುಕೊಂಡ ಮೇಲೆ ದೂರು, ಉತ್ತರ, 22ನೇ ದಿನದ ಪತ್ರ ಮೂರನ್ನೂ ಅದೇ ಕಡತಕ್ಕೆ, ಮರಣ ವರ್ಷದ ಆ ಎರಡು ಫೋಟೊಗಳ ಪಕ್ಕದಲ್ಲಿ ಸೇರಿಸಿಡಿ.